ಅಘನಾಶಿನಿಯ ಅಳಿವೆ: ಘಟ್ಟದ ಮಳೆಯೂ ಕಡಲಿನ ಉಪ್ಪೂ ಸೇರಿ ಕಟ್ಟಿದ ಜೀವನೋಪಾಯದ ಪ್ರಕರಣ ಅಧ್ಯಯನ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು ಅರ್ಧ ಗಂಟೆಯ ದಾರಿಯಷ್ಟು ಅಂತರದಲ್ಲಿ ಎರಡು ನದಿಗಳು ಕಡಲನ್ನು ಸೇರುತ್ತವೆ. ಕುಮಟಾದ ಉತ್ತರಕ್ಕೆ ಅಘನಾಶಿನಿ, ಹೊನ್ನಾವರದ ಮಗ್ಗುಲಲ್ಲಿ ಶರಾವತಿ. ಎರಡೂ ಘಟ್ಟದ ಮೇಲೆ ಹುಟ್ಟಿ, ಪಶ್ಚಿಮಕ್ಕೆ ಧುಮುಕಿ, ಕಿರಿದಾದ ಕರಾವಳಿಯ ಪಟ್ಟಿಯನ್ನು ದಾಟಿ ಬರುತ್ತವೆ. ಎರಡಕ್ಕೂ ನೀರೆರೆಯುವುದು ಒಂದೇ ಮುಂಗಾರು. ಆದರೆ ಬೇಸಿಗೆಯ ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ಮರಳುದಿಬ್ಬಗಳ ಮೇಲೆ ಬುಟ್ಟಿ ಹಿಡಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರ ಸಾಲು ಕಾಣುತ್ತದೆ. ಶರಾವತಿಯ ಅಳಿವೆಯಲ್ಲಿ, ಅಂದರೆ ನದಿ ಕಡಲನ್ನು ಸೇರುವ ಜಾಗದಲ್ಲಿ, ಆ ಕಸುಬು ಬಹುಮಟ್ಟಿಗೆ ಅಳಿದುಹೋಗಿದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಹೊರಟರೆ, ಬೆಟ್ಟ ಮತ್ತು ಕಡಲು ಒಂದಕ್ಕೊಂದು ಅಂಟಿಕೊಂಡಿರುವ ಪ್ರದೇಶವೊಂದರ ಭೂಗೋಳವು ಅಲ್ಲಿನ ಜನರ ಗಳಿಕೆಯನ್ನು ಹೇಗೆ ರೂಪಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಈ ಬರೆಹವು ಅಘನಾಶಿನಿಯನ್ನು ಮುಖ್ಯ ಪ್ರಕರಣವಾಗಿಯೂ ಶರಾವತಿಯನ್ನು ಹೋಲಿಕೆಗೂ ತೆಗೆದುಕೊಂಡಿದೆ.

ನೆಲದ ರಚನೆ

ಉತ್ತರ ಕನ್ನಡದ ವಿಸ್ತೀರ್ಣ 10 ಸಾವಿರ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 14.37 ಲಕ್ಷ. ಜಿಲ್ಲೆಯ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಅರಣ್ಯದ ಲೆಕ್ಕದಲ್ಲಿದೆ. ಹಾಗಾಗಿ ಉಳುಮೆ, ಊರು, ರಸ್ತೆ, ಕಾರ್ಖಾನೆ ಎಲ್ಲವೂ ಉಳಿದ ಚಿಕ್ಕ ಪಾಲಿನಲ್ಲೇ ಜಾಗ ಹುಡುಕಿಕೊಳ್ಳಬೇಕು, ಇಲ್ಲವೇ ಕಾಡನ್ನು ಕೇಳಬೇಕು. ದಕ್ಷಿಣ ಕನ್ನಡದಲ್ಲಿ ಘಟ್ಟ ಮತ್ತು ಕಡಲಿನ ನಡುವೆ ಇರುವಷ್ಟು ಅಗಲವಾದ ಬಯಲು ಇಲ್ಲಿಲ್ಲ. ಕಾರವಾರದ ಬಳಿ ಬೆಟ್ಟದ ಚಾಚು ನೇರವಾಗಿ ಸಮುದ್ರಕ್ಕೇ ಇಳಿದಿದೆ. ಗೋಕರ್ಣದ ದಕ್ಷಿಣದಲ್ಲಿ ಜಂಬಿಟ್ಟಿಗೆಯ ದಿಣ್ಣೆಗಳು ಕಡಿದು ನಿಲ್ಲಿಸಿದಂತೆ ಅಲೆಗಳ ಅಂಚಿನಲ್ಲಿ ನಿಂತಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಈ ಗೋಡೆಯನ್ನು ಕೊರೆದು ಕಣಿವೆಗಳನ್ನು ಮಾಡಿಕೊಂಡಿವೆ. ಆ ಕಣಿವೆಗಳೇ ಇಲ್ಲಿನ ಗದ್ದೆ, ಇಲ್ಲಿನ ದಾರಿ, ಇಲ್ಲಿನ ಹಳೆಯ ಬಂದರು.

ಅಘನಾಶಿನಿಯ ಒಂದು ಕವಲು ಶಿರಸಿ ಪಟ್ಟಣದ ಶಂಕರಹೊಂಡದ ಬಳಿ, ಇನ್ನೊಂದು ಮಂಜುಗುಣಿಯ ಕಡೆ ಹುಟ್ಟುತ್ತದೆಂದು ಹೇಳುವ ರೂಢಿಯಿದೆ. ಎರಡೂ ಕೂಡಿ ಶಿರಸಿ ಮತ್ತು ಸಿದ್ದಾಪುರ ತಾಲೂಕುಗಳ ನಡುವೆ ಹರಿದು, ಹೆಗ್ಗರಣೆಯ ಬಳಿ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಆಳಕ್ಕೆ ಧುಮುಕುತ್ತವೆ. ಮಳೆಗಾಲದಲ್ಲಿ ಪಕ್ಕದವರ ಮಾತೂ ಕೇಳಿಸದಷ್ಟು ಭೋರ್ಗರೆತ ಇರುವುದರಿಂದ ಅದಕ್ಕೆ ಕೆಪ್ಪಜೋಗ ಎಂಬ ಹೆಸರೂ ಇದೆ. ಅಲ್ಲಿಂದ ಮುಂದೆ ಮನುಷ್ಯರು ಸುಲಭವಾಗಿ ಇಳಿಯಲಾಗದ ಕೊಳ್ಳ. ಬೆಣ್ಣೆಹೊಳೆಯೂ ಯಾಣದ ಕಡೆಯಿಂದ ಬರುವ ಚಂಡಿಕಾ ಹೊಳೆಯೂ ಸೇರಿಕೊಂಡ ಮೇಲೆ ಕಣಿವೆ ಅಗಲವಾಗುತ್ತದೆ. ಉಪ್ಪಿನಪಟ್ಟಣದಿಂದ ಕೆಳಗೆ ನದಿಗೆ ಉಬ್ಬರ-ಇಳಿತದ ಅರಿವಿದೆ; ಊರಿನ ಹೆಸರೇ ಅಲ್ಲಿಯವರೆಗೆ ನಡೆದ ವ್ಯವಹಾರವನ್ನು ಹೇಳುತ್ತದೆ. ಮಿರ್ಜಾನ, ದೀವಗಿ, ಮಾಸೂರು, ಕುರ್ವೆಗಳು (ನದಿಯ ನಡುಗಡ್ಡೆಗಳು), ಕಾಂಡ್ಲದ (ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮರಗಳ) ಪೊದೆಗಳು ಎಲ್ಲವನ್ನೂ ದಾಟಿ ಉತ್ತರ ದಂಡೆಯ ತದಡಿಗೂ ದಕ್ಷಿಣ ದಂಡೆಯ ಅಘನಾಶಿನಿ ಗ್ರಾಮಕ್ಕೂ ನಡುವೆ ಇರುವ ಕಿರಿದಾದ ಬಾಯಿಂದ ನದಿ ಹೊರಬೀಳುತ್ತದೆ. ಹುಟ್ಟಿನಿಂದ ಇಲ್ಲಿಯವರೆಗೆ ಒಟ್ಟು ಉದ್ದ ಸುಮಾರು 120 ಕಿಲೋಮೀಟರ್. ಈ ಉದ್ದಕ್ಕೂ ಜಲವಿದ್ಯುತ್ತಿನ ಒಂದೂ ದೊಡ್ಡ ಅಣೆಕಟ್ಟಿಲ್ಲ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ.

ಅಳಿವೆಯ ಒಳಗಿನ ವಿಸ್ತಾರಕ್ಕೆ ಕಾರಣ ನದಿಯೊಂದೇ ಅಲ್ಲ. ಹಿಮಯುಗ ಕಳೆದು ಕಡಲಿನ ಮಟ್ಟ ಏರಿದಾಗ ಪಶ್ಚಿಮ ಕರಾವಳಿಯ ಅನೇಕ ನದಿಗಳ ಕೆಳಗಣಿವೆಗಳು ಮುಳುಗಿದವು. ಆ ಮುಳುಗಿದ ಕಣಿವೆಗಳನ್ನು ಘಟ್ಟದಿಂದ ಬಂದ ಮರಳೂ ಕೆಸರೂ ನಿಧಾನವಾಗಿ ತುಂಬುತ್ತ ಬಂದವು. ಆದ್ದರಿಂದಲೇ ಹೊರಗೆ ಬಾಯಿ ಕಿರಿದಾಗಿಯೂ ಒಳಗೆ ಹೊಟ್ಟೆ ಅಗಲವಾಗಿಯೂ ಇದೆ. ಕಡಲಿನ ಅಲೆ ಒಳಗೆ ನುಗ್ಗದು, ಕಡಲಿನ ಉಪ್ಪು ಮಾತ್ರ ಬರುತ್ತದೆ.

ಘಟ್ಟದ ಮೇಲಿನ ಬದುಕು

ಶಿರಸಿ–ಸಿದ್ದಾಪುರದ ಅಡಿಕೆ ತೋಟವನ್ನು ಗುಡ್ಡದ ಮೇಲೆ ಕಾಣುವುದು ಅಪರೂಪ. ಅದು ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ, ನೀರು ಒಸರುವ ಜಾಗದಲ್ಲಿ ಇರುತ್ತದೆ. ತೋಟದ ಮೇಲ್ಭಾಗದಲ್ಲಿ ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಹಕ್ಕಿನಂತೆ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ದೊರೆಯುತ್ತಿತ್ತು. ಅಲ್ಲಿಂದ ಹಸಿಸೊಪ್ಪು, ದರಕು (ಒಣ ಎಲೆ), ಕರಡವನ್ನು (ಬೆಟ್ಟದ ಹುಲ್ಲು) ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಮರಗಳ ಬುಡಕ್ಕೆ ಹಾಕುವ ಕ್ರಮ ತಲೆಮಾರುಗಳಿಂದ ನಡೆದುಬಂದಿದೆ. ಬೆಟ್ಟದಲ್ಲಿ ಮರವಿದ್ದರೆ ಬುಡದಲ್ಲಿ ಒರತೆ ಇರುತ್ತದೆ, ಒರತೆಯಿದ್ದರೆ ತೋಟ ಬೇಸಿಗೆ ದಾಟುತ್ತದೆ. ಬೆಟ್ಟವನ್ನು ಬೋಳು ಮಾಡಿದ ತೋಟಿಗರಿಗೆ ಈ ಲೆಕ್ಕ ಬಹುಬೇಗ ಅರ್ಥವಾಗಿದೆ.

ಅಡಿಕೆಯ ಜೊತೆಗೆ ಅದರ ಮೈಗೆ ಹಬ್ಬಿಸಿದ ಕಾಳುಮೆಣಸು, ನೆರಳಿನಲ್ಲಿ ಏಲಕ್ಕಿ, ಬಾಳೆ ಇವು ಸೇರಿದರೆ ಮೇಲಿನ ತಾಲೂಕುಗಳ ಆರ್ಥಿಕತೆಯ ಮುಖ್ಯ ಭಾಗ ಆದಂತೆ. 1923ರಲ್ಲಿ ಶಿರಸಿಯಲ್ಲಿ ಆರಂಭವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಬೆಳೆಗಾರರು ತಮ್ಮ ಅಡಿಕೆಯನ್ನು ಬಹಿರಂಗ ಟೆಂಡರಿನಲ್ಲಿ ಮಾರಲು ದಾರಿ ಮಾಡಿಕೊಟ್ಟಿತು. ದೂರದ ದಲ್ಲಾಳಿಯ ಮಾತಿಗೆ ಬೆಳೆ ಒಪ್ಪಿಸುವ ಕಾಲ ಹಿಂದೆ ಸರಿಯಿತು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೂ ಇದು ಒಂದೇ ಬೆಳೆಯ ಮೇಲೆ ನಿಂತ ಸಂಸಾರ. ಮಳೆ ಬಿಡದೆ ಹೊಯ್ದ ವರ್ಷ ಕೊಳೆರೋಗ ಅರ್ಧ ಫಸಲನ್ನು ನೆಲಕ್ಕೆ ಉದುರಿಸಬಲ್ಲದು. ಹಿಂದೆ ಗೊನೆಗೆ ಕರಡದ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಕೊಟ್ಟೆ ಅಥವಾ ಬೋರ್ಡೋ ದ್ರಾವಣ. ಎರಡಕ್ಕೂ ಮಳೆಯಲ್ಲಿ ಮರ ಹತ್ತುವ ಕೊನೆಗೌಡರು ಬೇಕು, ಅವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ತೋಟದ ಗಡಿ ದಾಟಿದರೆ ಕಾಡು. ಈ ಸೀಮೆಯಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಜಾಗಗಳಲ್ಲಿ, ರಾಮಪತ್ರೆಯ ಜಡ್ಡಿಗಳಿವೆ. ವರ್ಷವಿಡೀ ಕೆಸರು ಆರದ ಈ ಜೌಗಿನಲ್ಲಿ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿಯಂತೆ ಬಾಗಿಸಿ ನೆಲದಿಂದ ಮೇಲೆತ್ತಿರುತ್ತವೆ. ಈ ಜಡ್ಡಿಗಳು ಮಳೆನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯ ಹಳ್ಳಗಳಿಗೆ ಸಣ್ಣ ಧಾರೆಯಾಗಿ ಬಿಡುತ್ತವೆ. ಇದೇ ಕಾಡಿನಲ್ಲಿ ಸಿಂಗಳೀಕಗಳು ವಾಸವಾಗಿವೆ. 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಇದನ್ನು ಅಭಯಾರಣ್ಯ ಮಾಡದೆ ಸಂರಕ್ಷಣಾ ಮೀಸಲು ಮಾಡಿದ್ದರಿಂದ ಉಪ್ಪಾಗೆ, ಮುರುಗಲು, ಜೇನು ಮೊದಲಾದ ಕಿರು ಉತ್ಪನ್ನಗಳನ್ನು ಸಂಗ್ರಹಿಸುವವರ ದಾರಿ ಪೂರ್ತಿ ಮುಚ್ಚಲಿಲ್ಲ. ಉಪ್ಪಾಗೆಯ ಸಿಪ್ಪೆಗೆ ಹೊರದೇಶಗಳಲ್ಲಿ ತೂಕ ಇಳಿಸುವ ಔಷಧಕ್ಕಾಗಿ ಬೇಡಿಕೆ ಬಂದಾಗ, ಅದನ್ನು ಒಣಗಿಸಲು ಉರಿಸಿದ ಸೌದೆಯ ರಾಶಿಯೂ ಬೆಳೆಯಿತು, ಹಣ್ಣು ಕೆಡವಲು ರೆಂಬೆ ಕಡಿಯುವುದೂ ನಡೆಯಿತು. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ಒಂದು ಕಾಡುಹಣ್ಣಿನ ಬೆಲೆ ಏರಿದಾಗ ಕಾಡು ಹೇಗೆ ಸೊರಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ತೋರದು.

ಕಾಡಿನ ವಿಷಯದಲ್ಲಿ ಈ ಸೀಮೆಯ ಜನ ಸುಮ್ಮನೆ ಕುಳಿತವರಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂಚೂಣಿಯಲ್ಲಿದ್ದ ಆ ಅಪ್ಪಿಕೋ ಚಳವಳಿಯ ಹಿಂದೆ ಇದ್ದದ್ದು ಬತ್ತುತ್ತಿದ್ದ ನೀರಿನ ಚಿಂತೆ, ಸೊಪ್ಪಿಲ್ಲದೆ ಸೊರಗುತ್ತಿದ್ದ ತೋಟದ ಚಿಂತೆ.

ಅಳಿವೆಯ ಬದುಕು

ಮಳೆಗಾಲದ ನಾಲ್ಕು ತಿಂಗಳು ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರಿನದೇ ಆಳ್ವಿಕೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು, ಘಟ್ಟದ ಅಂಚಿನಲ್ಲಿ ಅದಕ್ಕೂ ಹೆಚ್ಚು ಮಳೆ ಸುರಿಯುವ ಈ ಕಣಿವೆಯಲ್ಲಿ, ಜೂನ್ ಕೊನೆಯ ಹೊತ್ತಿಗೆ ಕೆಂಪು ನೀರು ಬಾಯಿತನಕ ತುಂಬಿ ಕಡಲನ್ನು ಹೊರಗೆ ತಳ್ಳುತ್ತದೆ. ಅಕ್ಟೋಬರಿನಿಂದ ನದಿಯ ಬಲ ಕುಗ್ಗಿ, ಉಬ್ಬರದೊಂದಿಗೆ ಉಪ್ಪು ಮೇಲೇರತೊಡಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕೆಳಗಿನ ಅಳಿವೆಯ ನೀರು ಕಡಲಿನಷ್ಟೇ ಉಪ್ಪಾಗಿರುತ್ತದೆ. ಒಂದೇ ಜಾಗ ವರ್ಷದ ಒಂದು ಭಾಗದಲ್ಲಿ ಹೊಳೆ, ಇನ್ನೊಂದು ಭಾಗದಲ್ಲಿ ಕಡಲು. ಇಲ್ಲಿನ ಪ್ರತಿಯೊಂದು ಕಸುಬೂ ಈ ಪಂಚಾಂಗವನ್ನು ನೋಡಿಕೊಂಡೇ ಹುಟ್ಟಿದ್ದು.

ಮೊದಲು ಗಜನಿಯನ್ನು ನೋಡೋಣ. ಅಳಿವೆಯ ದಂಡೆಯಲ್ಲಿ, ಉಬ್ಬರದ ನೀರು ಮುಟ್ಟುವ ಮಟ್ಟದಲ್ಲಿರುವ ತಗ್ಗು ಗದ್ದೆಗೆ ಗಜನಿ ಎಂದು ಹೆಸರು. ಸುತ್ತಲೂ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆಯ ಬಾಗಿಲಿರುವ ತೂಬು ಇಟ್ಟಿರುತ್ತಾರೆ. ಮುಂಗಾರಿನ ಮೊದಲ ಮಳೆಗಳು ಬೇಸಿಗೆಯಲ್ಲಿ ಮಣ್ಣಿಗೆ ಸೇರಿದ ಉಪ್ಪನ್ನು ತೊಳೆದು ಹೊರಗೆ ಒಯ್ಯಬೇಕು. ಅದಾದ ಮೇಲೆಯೇ ಕಗ್ಗದ ಬಿತ್ತನೆ. ಕಗ್ಗ ಎಂಬುದು ಉಪ್ಪನ್ನು ತಾಳಿಕೊಳ್ಳುವ ಭತ್ತ. ಆಳುದ್ದ ಬೆಳೆದು, ನೆರೆಯ ನೀರಿನಲ್ಲಿ ಕೆಲವು ದಿನ ಮುಳುಗಿದ್ದರೂ ಚೇತರಿಸಿಕೊಂಡು ತಲೆಯೆತ್ತುತ್ತದೆ. ಅದಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಘಟ್ಟದಿಂದ ಬಂದ ಕೆಸರು ಮತ್ತು ಹಿಂದಿನ ವರ್ಷದ ಹುಲ್ಲಿನ ಕೊಳೆತವೇ ಅದರ ಗೊಬ್ಬರ. ಫಸಲು ಬಂದಾಗ ತೆನೆಯಷ್ಟನ್ನೇ ಕೊಯ್ದು, ಕೂಳೆಯನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ, ಆ ಕೂಳೆ ಕೊಳೆತು ಶೆಟ್ಲಿಗೂ (ಸಿಗಡಿಗೂ) ಮೀನಿಗೂ ಮೇವಾಗುತ್ತದೆ. ಅರ್ಧ ವರ್ಷ ಅಕ್ಕಿ ಕೊಟ್ಟ ನೆಲವೇ ಇನ್ನರ್ಧ ವರ್ಷ ಮೀನು ಕೊಡುತ್ತದೆ. ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳಿಗೂ ಈ ಗಜನಿಗಳೇ ಆಹಾರದ ಬಯಲು.

ಈ ವ್ಯವಸ್ಥೆ ಕಳೆದ ಐವತ್ತು ವರ್ಷಗಳಲ್ಲಿ ಬಹಳಷ್ಟು ಕುಸಿಯಿತು. ಮಣ್ಣಿನ ಒಡ್ಡನ್ನು ಪ್ರತಿವರ್ಷ ಊರವರೇ ಕೂಡಿ ಸರಿಪಡಿಸುತ್ತಿದ್ದರು. ಸರ್ಕಾರ ಖಾರ್‌ಲ್ಯಾಂಡ್ (ಉಪ್ಪುನೀರು ನುಗ್ಗುವ ನೆಲವನ್ನು ಕಾಪಾಡುವ) ಯೋಜನೆಯಲ್ಲಿ ಕಲ್ಲಿನ ಒಡ್ಡುಗಳನ್ನು ಕಟ್ಟಿಕೊಟ್ಟಿತು. ಒಡ್ಡು ಗಟ್ಟಿಯಾಯಿತು, ಆದರೆ ಅದನ್ನು ನೋಡಿಕೊಳ್ಳುವ ಊರಿನ ಕಟ್ಟುಪಾಡು ಸಡಿಲವಾಯಿತು. ಒಂದು ಕಡೆ ಒಡ್ಡು ಒಡೆದರೆ ಇಡೀ ಬಯಲಿಗೆ ಅಕಾಲದಲ್ಲಿ ಉಪ್ಪು ನುಗ್ಗುತ್ತದೆ, ಒಬ್ಬ ರೈತ ತನ್ನ ಪಾಲನ್ನು ಮಾತ್ರ ಕಾಪಾಡಿಕೊಳ್ಳಲಾರ. ಇದರ ಮೇಲೆ ಸಿಗಡಿ ಕೃಷಿಯ ಅಲೆ ಬಂತು. ಹೊರಗಿನಿಂದ ಮರಿ ಮತ್ತು ಮೇವು ತಂದು ಹೊಂಡಗಳಲ್ಲಿ ದಟ್ಟವಾಗಿ ಸಾಕಿದರೆ ಕೆಲವೇ ತಿಂಗಳಲ್ಲಿ ಕೈತುಂಬ ಹಣ ಎಂಬ ನಂಬಿಕೆಯಲ್ಲಿ ಅನೇಕ ಗಜನಿಗಳು ಗೇಣಿಗೆ ಹೋದವು. 1994–95ರ ವೇಳೆಗೆ ದೇಶದ ಕರಾವಳಿಯನ್ನೆಲ್ಲ ವ್ಯಾಪಿಸಿದ ಬಿಳಿಚುಕ್ಕಿ ವೈರಾಣು ರೋಗ ಆ ಹೊಂಡಗಳನ್ನು ಬರಿದುಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಕೃಷಿಯ ಮೇಲೆ ಕಟ್ಟುನಿಟ್ಟಿನ ತೀರ್ಪನ್ನೂ ಕೊಟ್ಟಿತು. ಹಣ ಹೂಡಿದವರು ಹೋದರು. ಭತ್ತಕ್ಕೆ ಮರಳಲು ಬೇಕಾದ ಬೀಜ, ಆಳು, ಒಡ್ಡು ಯಾವುದೂ ಮೊದಲಿನಂತೆ ಉಳಿದಿರಲಿಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಸಂಘಟಿತರಾಗಿ, ಬಯಲನ್ನು ಒಂದೇ ಹೊಲವೆಂಬಂತೆ ನೋಡಿಕೊಂಡು ಕಗ್ಗವನ್ನು ಉಳಿಸಿಕೊಂಡಿರುವುದು ಈ ಹಿನ್ನೆಲೆಯಲ್ಲಿ ದೊಡ್ಡ ಕೆಲಸ. ಕಡಲಿನ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಭತ್ತದ ಬೀಜ ರೈತರ ಕೈಯಲ್ಲಿ ಜೀವಂತವಾಗಿರುವುದರ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಅಂದಾಜು ಮಾಡಿಲ್ಲ.

ಸಾಣಿಕಟ್ಟಾದ ಉಪ್ಪಿನ ಆಗರಗಳು ಇದೇ ಪಂಚಾಂಗದ ಇನ್ನೊಂದು ಪುಟ. ಅಳಿವೆಯ ನೀರು ಅತಿ ಉಪ್ಪಾಗಿರುವ ಬೇಸಿಗೆಯ ತಿಂಗಳುಗಳಲ್ಲಿ, ಆ ನೀರನ್ನು ಹಂತಹಂತವಾಗಿ ಮಡಿಗಳಿಗೆ ಹರಿಸಿ, ಬಿಸಿಲಿಗೆ ಇಂಗಿಸಿ, ಹರಳನ್ನು ಎಳೆದು ರಾಶಿ ಹಾಕುತ್ತಾರೆ. ಮಳೆ ಎರಡು ವಾರ ಮೊದಲೇ ಬಂದರೆ ಆ ವರ್ಷದ ಉತ್ಪನ್ನ ತಗ್ಗುತ್ತದೆ. ಸಹಕಾರ ಸಂಘದ ಆಶ್ರಯದಲ್ಲಿ ನಡೆಯುವ ಈ ಕೆಲಸ ತಲೆಮಾರುಗಳಷ್ಟು ಹಳೆಯದು.

ಇನ್ನು ಬಳಚು. ಚಿಪ್ಪಿನ ಈ ಜೀವಿಗಳು ನೀರನ್ನು ಸೋಸಿ, ಅದರಲ್ಲಿರುವ ಸೂಕ್ಷ್ಮ ಸಸ್ಯಗಳನ್ನೂ ಕಾಡಿನಿಂದ ಬಂದ ಎಲೆಯ ಕೊಳೆತದ ಕಣಗಳನ್ನೂ ತಿಂದು ಬದುಕುತ್ತವೆ. ಒಂದೊಂದು ಜಾತಿಗೆ ಒಂದೊಂದು ಹದದ ಉಪ್ಪು ಬೇಕು: ಮೇಲ್ಭಾಗದ ಸಪ್ಪೆ ನೀರಿನಲ್ಲಿ ಒಂದು, ನಡುವೆ ಇನ್ನೊಂದು, ಬಾಯಿಯ ಹತ್ತಿರ ಮತ್ತೊಂದು, ಬಂಡೆಗಳಿಗೆ ಅಂಟಿಕೊಂಡು ನೀಲಿಕಲ್ಲು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಸುಮಾರು ಎರಡು ದಶಕಗಳ ಹಿಂದೆ ನಡೆಸಿದ ಅಂದಾಜಿನ ಪ್ರಕಾರ, ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು. ಅದರ ಬೆಲೆ ಆ ಕಾಲದ ದರದಲ್ಲಿ ಐದು ಕೋಟಿ ರೂಪಾಯಿಗೂ ಮಿಕ್ಕಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. ಗಂಡಸರು ಪಾತಿ ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಹೆಂಗಸರು ಇಳಿತದಲ್ಲಿ ಮಂಡಿಯುದ್ದದ ನೀರಿನಲ್ಲಿ ನಿಂತು ಕೈಯಿಂದಲೇ ಹೆಕ್ಕುತ್ತಾರೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಂತೆಗೆ ಒಯ್ಯುತ್ತಾರೆ, ಗೋವಾಕ್ಕೂ ಲಾರಿ ಹೋಗುತ್ತದೆ. ಈ ಕಸುಬಿಗೆ ಬಂಡವಾಳ ಬೇಡ, ಜಮೀನು ಬೇಡ, ಸಾಲ ಬೇಡ. ಹೊಲವಿಲ್ಲದ ಮನೆಯ ಹೆಂಗಸಿಗೆ ಅದೇ ದಿನ ಕೈಗೆ ದುಡ್ಡು ಬರುವ ಕೆಲಸ ಕರಾವಳಿಯಲ್ಲಿ ಹೆಚ್ಚಿಲ್ಲ. ಸತ್ತ ಚಿಪ್ಪಿನ ಹಳೆಯ ರಾಶಿಗಳನ್ನು ಸುಣ್ಣಕ್ಕೂ ಕೋಳಿಯ ಆಹಾರಕ್ಕೂ ತೆಗೆಯುತ್ತಾರೆ, ಆದರೆ ಅದು ಬೇರೆಯದೇ ಉದ್ಯಮ. ಅದರ ಲಾಭ ಹೋಗುವುದೂ ಬೇರೆಯವರಿಗೆ.

ಇದಲ್ಲದೆ ಮೀನುಗಾರಿಕೆ, ಏಡಿ, ತದಡಿಯ ಬಂದರಿನ ಯಾಂತ್ರಿಕ ದೋಣಿಗಳು, ಅಳಿವೆಯಾಚೆಯ ಮರಳುನೆಲದಲ್ಲಿ ಬೆಳೆದು ಜಡೆಯಂತೆ ಹೆಣೆದು ಮಾರುವ ಕುಮಟಾದ ಸಿಹಿ ಈರುಳ್ಳಿ, ಹಾಲಕ್ಕಿ ಒಕ್ಕಲಿಗರ ತರಕಾರಿ, ಗೋಕರ್ಣದ ಯಾತ್ರಿಕರು ಮತ್ತು ಪ್ರವಾಸಿಗರು ತರುವ ವ್ಯಾಪಾರ ಇವೆಲ್ಲವೂ ಈ ಆರ್ಥಿಕತೆಯ ಭಾಗಗಳೇ.

ಶರಾವತಿಯಲ್ಲಿ ನಡೆದದ್ದು

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ರಾಜ್ಯಕ್ಕೆ ಅದು ಕೊಟ್ಟ ವಿದ್ಯುತ್ತಿನ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮುಂದೆ, ಈ ಶತಮಾನದ ಆರಂಭದ ಹೊತ್ತಿಗೆ, ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿ, ಮೇಲಿನ ವಿದ್ಯುದಾಗಾರದಿಂದ ಬಂದ ನೀರನ್ನು ಮತ್ತೆ ಬಳಸಿ 240 ಮೆಗಾವಾಟ್ ಸಾಮರ್ಥ್ಯದ ಕೇಂದ್ರವನ್ನು ನಡೆಸಲಾಯಿತು. ವಿದ್ಯುತ್ ಬೇಡಿಕೆಗೆ ಋತುವಿಲ್ಲ; ಹಾಗಾಗಿ ನೀರನ್ನು ಬಿಡುವುದಕ್ಕೂ ಋತುವಿಲ್ಲ. ಏಪ್ರಿಲಿನಲ್ಲಿ ಉಪ್ಪಾಗಬೇಕಾಗಿದ್ದ ಹೊನ್ನಾವರದ ಅಳಿವೆಗೆ ದಿನವೂ ಸಿಹಿನೀರು ಬರತೊಡಗಿತು. ಉಪ್ಪನ್ನು ಬಯಸುವ ಬಳಚಿನ ಜಾತಿಗಳಿಗೆ ನೆಲೆ ಇಲ್ಲವಾಯಿತು, ಮೀನಿನ ಜಾತಿಗಳ ಹಂಚಿಕೆಯೂ ಬದಲಾಯಿತು. ಮೇಲೆ ಹೇಳಿದ ಕೇಂದ್ರದ ಸಂಶೋಧಕರೇ ಎರಡೂ ಅಳಿವೆಗಳನ್ನು ಹೋಲಿಸಿ, ಈ ನಷ್ಟಕ್ಕೂ ಲವಣಾಂಶದ ಬದಲಾವಣೆಗೂ ಇರುವ ಸಂಬಂಧವನ್ನು ತೋರಿಸಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು, ಶರಾವತಿಯ ಅಳಿವೆಗೆ ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಕೇಡಾಗಲಿಲ್ಲ, ಹೆಚ್ಚಾಗಿ ಕೇಡಾಯಿತು. ಅಳಿವೆಗೆ ಮುಖ್ಯವಾದುದು ಒಟ್ಟು ನೀರಿನ ಪ್ರಮಾಣ ಎಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಯಾವ ತಿಂಗಳಲ್ಲಿ ಎಷ್ಟು ನೀರು ಎಂಬುದರ ಮೇಲೆ ಬಳಚು, ಕಗ್ಗ, ಉಪ್ಪು ಮೂರೂ ನಿಂತಿವೆ. ವಿದ್ಯುತ್ ಯೋಜನೆಯ ಲಾಭ-ನಷ್ಟದ ಪಟ್ಟಿಯಲ್ಲಿ ಮುಳುಗಡೆಯಾದ ಕಾಡು ಮತ್ತು ಮನೆಗಳಿಗೆ ಒಂದು ಕಲಮು ಇರುತ್ತದೆ. ಅಣೆಕಟ್ಟಿನ ಕೆಳಗಿರುವ ಬಳಚು ಹೆಕ್ಕುವ ಹೆಂಗಸಿಗೆ ಅದರಲ್ಲಿ ಕಲಮು ಇರಲಿಲ್ಲ, ಪರಿಹಾರವೂ ಇರಲಿಲ್ಲ, ಏಕೆಂದರೆ ಕಾಗದದ ಪ್ರಕಾರ ಅವಳು ಏನನ್ನೂ ಕಳೆದುಕೊಂಡಿರಲಿಲ್ಲ.

ಅಘನಾಶಿನಿಗೆ ಬಂದ ಯೋಜನೆಗಳು

ಈ ಕಣಿವೆಗೆ ಹೊರಗಿನ ಪ್ರಪಂಚ ಹೊಸದೇನಲ್ಲ. ಮಿರ್ಜಾನದ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಮೆಣಸಿನ ವ್ಯಾಪಾರವನ್ನು ನೆನಪಿಸುತ್ತದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನು ಎತ್ತುಗಳ ಮೇಲೆ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ ಹೊತ್ತಿನಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಬೆಳೆಯಿತು, ಕುಮಟಾ ಹಿಂದುಳಿಯಿತು.

ಸ್ವಾತಂತ್ರ್ಯಾನಂತರ ಈ ಜಿಲ್ಲೆ ದೇಶಕ್ಕಾಗಿ ಪದೇ ಪದೇ ನೆಲ ಕೊಟ್ಟಿದೆ. ಕಾಳಿ ನದಿಯ ಅಣೆಕಟ್ಟುಗಳು, ಕೈಗಾದ ಅಣುವಿದ್ಯುತ್ ಸ್ಥಾವರ, ಕಾರವಾರದ ಸೀಬರ್ಡ್ ನೌಕಾನೆಲೆ, ಕೊಂಕಣ ರೈಲ್ವೆ, ಈಗ ಹೆದ್ದಾರಿಯ ಅಗಲೀಕರಣ. ಆದರೆ ಹೃದಯಾಘಾತವಾದವರನ್ನು ಇಂದಿಗೂ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾಗುತ್ತದೆ, ಓದಿದ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ತದಡಿಗೆ ದೊಡ್ಡ ಬಂದರು ಬರುತ್ತದೆ ಎಂದಾಗ ಕೆಲವರ ಕಣ್ಣರಳಿದ್ದರೆ ಅದನ್ನು ತಪ್ಪೆನ್ನಲಾಗದು. ಅವರ ಕೊರತೆ ನಿಜವಾದದ್ದು.

2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಆಧಾರಿತ ಬೃಹತ್ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂತು. ರೈತರು, ಮೀನುಗಾರರು, ಮಠಾಧೀಶರು, ವಿಜ್ಞಾನಿಗಳು ಒಟ್ಟಾಗಿ ವಿರೋಧಿಸಿದರು, ಅದು ಕೈಗೂಡಲಿಲ್ಲ. ನಂತರ ಸರ್ವಋತು ಬಂದರಿನ ಯೋಜನೆ ಮುಂದೆ ಬಂತು. ಅದಕ್ಕಾಗಿ ಅಳಿವೆಯ ತಳವನ್ನು ಆಳವಾಗಿ ತೋಡಬೇಕಿತ್ತು. ಆಳ ಹೆಚ್ಚಿದರೆ ಉಬ್ಬರದ ನೀರು ಮತ್ತಷ್ಟು ಒಳಗೆ, ಮತ್ತಷ್ಟು ಬೇಗ ನುಗ್ಗುತ್ತದೆ. ಬಳಚಿನ ಮರಳುದಿಬ್ಬಗಳು ತೋಡುವ ಯಂತ್ರದ ಬಾಯಿಗೇ ಬೀಳುತ್ತವೆ. ಈ ಯೋಜನೆಗೂ ಜನ ಒಪ್ಪಲಿಲ್ಲ. 2024ರ ಜನವರಿ ಕೊನೆಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಯನ್ನು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದೊಂದಿಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು.

ಅದೇ ವರ್ಷದ ಜುಲೈ 16ರಂದು ಪಕ್ಕದ ಗಂಗಾವಳಿಯ ದಂಡೆಯಲ್ಲಿ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕತ್ತರಿಸಿದ ಗುಡ್ಡ ಕುಸಿಯಿತು. ರಸ್ತೆಬದಿಯ ಹೋಟೆಲು, ಲಾರಿಗಳು, ಜನ ಮಣ್ಣಿನೊಂದಿಗೆ ನದಿಗೆ ಬಿದ್ದರು. ಎದ್ದ ನೀರಿನ ಅಲೆ ಎದುರು ದಂಡೆಯ ಉಳುವರೆಯ ಮನೆಗಳನ್ನೂ ಹೊಡೆಯಿತು. ಆ ಘಟನೆ ಬೇರೆ ನದಿಯದಾದರೂ ಈ ಅಧ್ಯಯನಕ್ಕೆ ಸೇರಿದ್ದೇ. ಜಂಬಿಟ್ಟಿಗೆಯ ಪದರ ಮೇಲೆ, ಜೇಡಿ ಮಣ್ಣು ಕೆಳಗೆ ಇರುವ ಇಂಥ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು, ಮೇಲಿನಿಂದ ಇಳಿಯುವ ನೀರಿಗೆ ದಾರಿ ಬಿಡದಿದ್ದರೆ ಅದು ಕೆಳಗೆ ಬರಲೇಬೇಕು. ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದ ಅಗಲೀಕರಣವೂ ಇಂಥದೇ ನೆಲದಲ್ಲಿ ನಡೆದಿದೆ, ಅಲ್ಲಿ ಕುಸಿದ ಮಣ್ಣು ಕೊನೆಗೆ ಇಳಿಯುವುದು ಅಘನಾಶಿನಿಯ ಹಳ್ಳಗಳಿಗೆ.

ಮುಂದಿರುವ ನಿರ್ಧಾರ

ಈಗ ಚರ್ಚೆಯಲ್ಲಿರುವುದು ಅಘನಾಶಿನಿಯ ಮೇಲ್ಭಾಗದ ನೀರನ್ನು ಎತ್ತಿ ಬಯಲುಸೀಮೆಯ ವೇದಾವತಿ ಕಣಿವೆಗೆ ಸಾಗಿಸುವ ಪ್ರಸ್ತಾವ. ಅದರ ಜೊತೆಗೇ ಬೇಡ್ತಿ (ಗಂಗಾವಳಿಯ ಮೇಲ್ಭಾಗದ ಹೆಸರು)–ವರದಾ ನದಿಗಳ ಜೋಡಣೆ. ಸೋಂದಾ ಸ್ವರ್ಣವಲ್ಲಿಯ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ಮುಂದಾಳುತನದಲ್ಲಿ ಇವುಗಳಿಗೆ ಪ್ರಬಲ ವಿರೋಧ ಸಂಘಟಿತವಾಗಿದೆ. ಬಯಲುಸೀಮೆಯ ನೀರಿನ ಸಂಕಟವನ್ನು ಹಗುರವಾಗಿ ಕಾಣುವ ಹಕ್ಕು ಮಲೆನಾಡಿನವರಿಗೆ ಇಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಯೋಜನೆಯ ಪರವಾಗಿ ಹೇಳುವ ಮುಖ್ಯ ವಾದ, ಮಳೆಗಾಲದಲ್ಲಿ ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ನೀರನ್ನಷ್ಟೇ ತೆಗೆಯುತ್ತೇವೆ ಎಂಬುದು, ಈ ಅಳಿವೆಯ ಮಟ್ಟಿಗೆ ನಿಲ್ಲುವುದಿಲ್ಲ. ಗಜನಿಯ ಉಪ್ಪನ್ನು ತೊಳೆಯುವುದು ಜೂನ್–ಜುಲೈ ತಿಂಗಳ ಆ ನೀರೇ. ಕಗ್ಗಕ್ಕೆ ಕೆಸರನ್ನೂ ಬಳಚಿಗೆ ಎಲೆಯ ಕಣವನ್ನೂ ತರುವುದು ಅದೇ. ಕಿರಿದಾದ ಬಾಯಿಯಲ್ಲಿ ಬೇಸಿಗೆಯುದ್ದಕ್ಕೂ ಕೂಡಿದ ಮರಳನ್ನು ಹೊರಗೆ ನೂಕುವುದೂ ಅದೇ. ಶರಾವತಿಯಲ್ಲಿ ಬೇಸಿಗೆಗೆ ನೀರು ಸೇರಿಸಿ ಪಂಚಾಂಗ ಕೆಡಿಸಿದೆವು. ಇಲ್ಲಿ ಮಳೆಗಾಲದಿಂದ ನೀರು ಕಳೆದು ಕೆಡಿಸುವ ಸಾಧ್ಯತೆಯಿದೆ. ಜೊತೆಗೆ, ನೀರೆತ್ತುವ ಜಾಗಕ್ಕೆ ಬೇಕಾದ ರಸ್ತೆ, ಕೊಳವೆ, ವಿದ್ಯುತ್ ತಂತಿಗಳಿಗಾಗಿ ಕಡಿಯಬೇಕಾದ ಕಾಡು ಇರುವುದು ಬೇಸಿಗೆಯ ಹರಿವನ್ನು ಕಾಯುವ ಜಡ್ಡಿಗಳ ಸೀಮೆಯಲ್ಲಿ.

ಇಂಥ ಯೋಜನೆಗಳ ಪರಿಶೀಲನೆ ಹಂಚಿಹೋಗಿರುವುದು ಈ ಪ್ರಕರಣದ ದೊಡ್ಡ ತೊಡಕು. ಕಾಡಿನ ಲೆಕ್ಕ ಅರಣ್ಯ ಇಲಾಖೆಗೆ, ಒಡ್ಡಿನದು ಸಣ್ಣ ನೀರಾವರಿಗೆ, ಮೀನಿನದು ಮೀನುಗಾರಿಕೆ ಇಲಾಖೆಗೆ, ದಂಡೆಯ ಜಮೀನು ಕಂದಾಯಕ್ಕೆ, ತೋಟ ತೋಟಗಾರಿಕೆ ಇಲಾಖೆಗೆ. ಉಂಚಳ್ಳಿಯ ಮೇಲೆ ತೆಗೆದ ನೀರಿಗೂ ಮಾಸೂರಿನ ಬಳಚಿಗೂ ನಂಟು ಹಾಕುವ ಕಡತ ಈ ಕಚೇರಿಗಳ ಯಾವುದರಲ್ಲೂ ತಾನಾಗಿ ಹುಟ್ಟುವುದಿಲ್ಲ. ಆದ್ದರಿಂದ ಯಾವುದೇ ವಿಸ್ತೃತ ಯೋಜನಾ ವರದಿಗೆ ಒಪ್ಪಿಗೆ ಕೊಡುವ ಮುನ್ನ, ಕನಿಷ್ಠ ಮೂರು ಪೂರ್ಣ ವರ್ಷಗಳ ಕಾಲ, ಉಪ್ಪಿನಪಟ್ಟಣ, ಮಿರ್ಜಾನ, ಮಾಸೂರು ಮತ್ತು ತದಡಿಯಲ್ಲಿ ಪ್ರತಿ ತಿಂಗಳು ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ ಲವಣಾಂಶವನ್ನು ಅಳೆದು ದಾಖಲಿಸಬೇಕು. ಅದೇ ತಿಂಗಳುಗಳಲ್ಲಿ ಬಳಚು ಹೆಕ್ಕುವವರ ಬುಟ್ಟಿಯ ತೂಕ, ಗಜನಿಯ ಬಿತ್ತನೆಯ ದಿನ, ಸಾಣಿಕಟ್ಟಾದ ಉಪ್ಪಿನ ಉತ್ಪನ್ನ ಇವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಈ ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಕಾಗಿಲ್ಲ. ದಂಡೆಯ ಗ್ರಾಮ ಪಂಚಾಯಿತಿಗಳು ಮತ್ತು ಕುಮಟಾದ ಕಾಲೇಜುಗಳ ವಿಜ್ಞಾನ ವಿಭಾಗಗಳು ಕೂಡಿ ಇದನ್ನು ನಡೆಸಬಲ್ಲವು. ಹೋಲಿಕೆಗಾಗಿ ಹೊನ್ನಾವರದ ಅಳಿವೆಯಲ್ಲೂ ಎರಡು ಕಡೆ ಅದೇ ಅಳತೆ ನಡೆಯಬೇಕು, ಮತ್ತು ಗೇರುಸೊಪ್ಪೆಯಿಂದ ದಿನಕ್ಕೆ ಎಷ್ಟು ನೀರು ಬಿಟ್ಟರೆಂಬ ಅಂಕಿಯನ್ನು ಅದರ ಪಕ್ಕದಲ್ಲೇ ಇಡಬೇಕು.